ಅವ್ವ ಒಂದೇ ಬಟನ್ ಒತ್ತಿ ಹೊರಗೆ ಬಂದ್ರೆ ತಪ್ಪು ಯಾರದು? ವೋಟಿನ ಚೀಟಿ, ಮಷೀನು, ಡಿಸೈನು

ಪ್ರಶ್ನೆ: "ನಮಸ್ಕಾರ್ರಿ ಸರ. ನಾವು ವಿಜಯಪುರ ಕಡೆಯವ್ರು, ಪುಣೇದಾಗ ಹಡಪ್ಸರ್ ಬಾಜೂಕ ಇರ್ತೀವಿ. ನಮ್ಮವ್ವಗ ಮರಾಠಿ ಮಾತಾಡಾಕ ಬರ್ತೈತಿ, ಓದಾಕ ಬರೂದಿಲ್ಲ, ಕನ್ನಡ ಚೊಲೋ ಓದ್ತಾಳ. ಜನವರಿ 2026ರ ಮಹಾನಗರಪಾಲಿಕೆ ಇಲೆಕ್ಷನ್ನಾಗ ಆಕಿ ಒಂದ ಬಟನ್ ಒತ್ತಿ ಹೊಳ್ಳಿ ಬರಾಕತ್ತಿದ್ಲಂತ, ಅಲ್ಲಿದ್ದವ್ರು 'ಆಜಿ, ಇನ್ನೂ ಮೂರು ಬಾಕಿ' ಅಂತ ಕೂಗ್ಯಾರ, ಹಿಂದ ದೊಡ್ಡ ಪಾಳಿ, ಗಾಬರಿಗೆ ಕೈಗೆ ಸಿಕ್ಕಿದ್ದ ಒತ್ತಿ ಬಂದಾಳ. ಮೊದಲನೇ ಸಲ ಒತ್ತಿದಾಗ ಸಪ್ಪಳಾನ ಬರಲಿಲ್ಲ ಅಂತಾಳ, ಬಾಜೂ ಮನಿಯವ್ರು ಮಷೀನಿಗೇ ಏನರ ಮಾಡಿರ್ತಾರ ಅಂತ ತಲ್ಯಾಗ ತುಂಬ್ಯಾರ. ಇನ್ನೊಂದು, ನಮ್ಮ ಕನ್ನಡ ಸಂಘದ ಕಮಿಟಿ ಇಲೆಕ್ಷನ್ ಬಂದೈತಿ, ಚೀಟಿ ಮಾಡೂ ಕೆಲಸ ನನಗ ಹಚ್ಯಾರ. ಹಿಂದಿನ ಸಲ ಇನ್ನೂರ ಚಿಲ್ಲರೆ ಚೀಟಿಯೊಳಗ ಮೂವತ್ತಕ್ಕಿಂತ ಹೆಚ್ಚು ಕ್ಯಾನ್ಸಲ್ ಆಗಿದ್ವು, ಆ ಚೀಟಿ ಫೋಟೋ ಕಳಿಸೀನಿ ನೋಡ್ರಿ. ಓದಿದ ಮಂದೀನ ಹಿಂಗ ಮಾಡಿದ್ರ ಏನ್ ಮಾಡೂದು? ಡಿಸೈನ್ ಛಂದ ಮಾಡಿದ್ರ ಇದೆಲ್ಲ ಸರಿ ಹೋಗ್ತೈತೇನ್ರಿ?"

ಉತ್ತರ:

ನಮಸ್ಕಾರ. ನಾನು ಮುಂಬೈಯಲ್ಲಿ ಗ್ರಾಫಿಕ್ ಡಿಸೈನ್ ಕೆಲಸ ಮಾಡೋದು, ಜಾಹೀರಾತಿಗಿಂತ ಜಾಸ್ತಿ ಬ್ಯಾಂಕ್ ಫಾರ್ಮು, ಆಸ್ಪತ್ರೆ ಬೋರ್ಡು, ಬಿಲ್ಲು ಇಂಥವೇ, ಅಂದ್ರೆ ಜನ ಓದಿ ಏನಾದ್ರೂ ಮಾಡ್ಬೇಕಾದ ಕಾಗದಗಳು. ಅದಕ್ಕೇ ನಿಮ್ಮ ಪತ್ರ ಓದಿದ ಕೂಡ್ಲೇ ಅವ್ವ ಆ ಮಷೀನ್ ಮುಂದೆ ನಿಂತಿದ್ದು ಕಣ್ಣಿಗೆ ಕಟ್ತು. ನೀವು ಕೇಳಿರೋದು ಮೂರು ವಿಷಯ ಅನ್ಕೋತೀನಿ, ಅವ್ವನ ವೋಟು ಏನಾಯ್ತು, ಮಷೀನ್ ಮೋಸನಾ, ಸಂಘದ ಚೀಟಿ ಹೇಗೆ ಮಾಡೋದು. ಮೂರರ ಬೇರೂ ಹೆಚ್ಚುಕಮ್ಮಿ ಒಂದೇ ಕಡೆ ಇದೆ.

ಅವ್ವನಿಗೆ ಮೊದ್ಲು ಇದು ಹೇಳಿ. ಅವರು ಮನಸಾರೆ ಒತ್ತಿದ ಮೊದಲನೇ ವೋಟು ಹೋಗಬೇಕಾದ ಕಡೆನೇ ಹೋಗಿದೆ. ಉಳಿದ ಮೂರು ಯಾರಿಗೋ ಹೋಗಿರತ್ತೆ, ಅದನ್ನ ನಾನು ಬೆಲ್ಲ ಹಚ್ಚಿ ಹೇಳಲ್ಲ, ವಾಪಸ್ ತರೋಕೂ ಆಗಲ್ಲ. ಆದ್ರೆ ಮೊದಲ ಬಟನ್‌ಗೆ ಸದ್ದು ಬರಲಿಲ್ಲ ಅನ್ನೋದು ಮೋಸದ ಗುರುತಲ್ಲ. ಪುಣೆಯಲ್ಲಿ ಒಂದೊಂದು ಪ್ರಭಾಗದಿಂದ, ಅಂದ್ರೆ ವಾರ್ಡಿಂದ, ಸಾಮಾನ್ಯವಾಗಿ ನಾಲ್ಕು ಜನ ನಗರಸೇವಕರನ್ನ (ಕಾರ್ಪೊರೇಟರ್‌ಗಳನ್ನ) ಆರಿಸ್ತಾರೆ, ಅ ಬ ಕ ಡ ಅಂತ ನಾಲ್ಕು ಸೀಟು, ನಾಲ್ಕಕ್ಕೂ ಒಂದೊಂದು ಬಟನ್ ಒತ್ತಬೇಕು, ಯಾರೂ ಬೇಡ ಅಂದ್ರೆ ಆ ಸೀಟಿನ ನೋಟಾ ಒತ್ತಬೇಕು. ಒಂದೊಂದು ಸಲ ಒತ್ತಿದಾಗ್ಲೂ ಕೆಂಪು ದೀಪ ಹತ್ತತ್ತೆ, ಉದ್ದನೆ ಸದ್ದು ಬರೋದು ಮಾತ್ರ ನಾಲ್ಕೂ ಮುಗಿದ ಮೇಲೆ. ಈಗ ಅವ್ವನ ಕಡೆಯಿಂದ ನೋಡಿ. ಲೋಕಸಭೆಗೆ, ವಿಧಾನಸಭೆಗೆ ಅವರು ಇಷ್ಟು ವರ್ಷ ಒಂದು ಬಟನ್ ಒತ್ತಿದ್ದಾರೆ, ಪೀಂ ಅಂದಿದೆ, ಹೊರಗೆ ಬಂದಿದ್ದಾರೆ. ನೋಡೋಕೆ ಅದೇ ಮಷೀನು, ಅದೇ ನೀಲಿ ಬಟನ್ನು, ಆದ್ರೆ ನಡೆಯೋ ರೀತಿ ಮಾತ್ರ ಬೇರೆ. ಕೈಗೆ ಅಭ್ಯಾಸ ಆಗಿರೋದನ್ನ ಕೈ ಮಾಡ್ತು ಅಷ್ಟೇ. ಅದೇ ದಿನ ಮುಂಬೈಯಲ್ಲಿ ನಾವು ಒಂದೇ ಬಟನ್ ಒತ್ತಿ ಮನೆಗೆ ಬಂದ್ವಿ, ಯಾಕಂದ್ರೆ ಇಲ್ಲಿ 227 ವಾರ್ಡು, ಒಂದಕ್ಕೆ ಒಬ್ಬರೇ. ನಿಮ್ಮವ್ವ ಮುಂಬೈಯಲ್ಲಿ ಇದ್ದಿದ್ರೆ ಈ ಪ್ರಶ್ನೆನೇ ಬರ್ತಿರಲಿಲ್ಲ.

ಮಷೀನನ್ನ ತಿರುಚಬಹುದಾ ಇಲ್ವಾ ಅನ್ನೋ ದೊಡ್ಡ ಜಗಳ ನನ್ನ ಕಸುಬಿನದಲ್ಲ, ಅದಕ್ಕೆ ಕೈ ಹಾಕಲ್ಲ. ನಿಮ್ಮವ್ವನಿಗೆ ಆಗಿದ್ದನ್ನ ಅರ್ಥ ಮಾಡ್ಕೊಳ್ಳೋಕೆ ಅದು ಬೇಕಾಗೂ ಇಲ್ಲ. ಇನ್ನೊಂದು ಮಾತು, ನಗರಪಾಲಿಕೆ ಚುನಾವಣೆ ನಡೆಸೋದು ರಾಜ್ಯ ಚುನಾವಣಾ ಆಯೋಗ, ದೆಹಲಿಯ ಭಾರತ ಚುನಾವಣಾ ಆಯೋಗ ಅಲ್ಲ, ಎರಡೂ ಬೇರೆ ಬೇರೆ ಸಂಸ್ಥೆ. ಲೋಕಸಭೆಯಲ್ಲಿ ಗಾಜಿನ ಹಿಂದೆ 7 ಸೆಕೆಂಡ್ ಚೀಟಿ ತೋರಿಸೋ ವಿವಿಪ್ಯಾಟ್ ಪೆಟ್ಟಿಗೆ ಇರತ್ತಲ್ಲ, ಅದು ಇಲ್ಲಿ ಇರಲ್ಲ. ಅದನ್ನೂ ಜನ ಮೋಸ ಅಂತ ಲೆಕ್ಕ ಹಾಕ್ತಾರೆ. ಮೊದ್ಲೇ ಒಬ್ರು ಹೇಳಿದ್ರೆ ಆ ಅನುಮಾನ ಅಲ್ಲೇ ಮುಗಿಯತ್ತೆ.

ಈಗ 'ಓದಿದ ಮಂದೀನ ಹಿಂಗ ಮಾಡಿದ್ರ' ಅಂದ್ರಲ್ಲ, ಅಲ್ಲೇ ನನ್ನ ತಕರಾರು. ವೋಟು ಕೆಡೋದು ಅನಕ್ಷರಸ್ಥರಿಂದ ಅಂತ ಎಲ್ಲರೂ ನಂಬಿರ್ತಾರೆ. ಈ ವಿಷಯದಲ್ಲಿ ಇಡೀ ಜಗತ್ತು ನೆನಪಿಟ್ಟಿರೋ ಎಡವಟ್ಟು ನಡೆದಿದ್ದು ಅಮೆರಿಕದ ಫ್ಲೋರಿಡಾದಲ್ಲಿ, 2000ನೇ ಇಸವಿ ಅಧ್ಯಕ್ಷ ಚುನಾವಣೆ, ಪಾಮ್ ಬೀಚ್ ಕೌಂಟಿ, ಅಲ್ಲಿ ತುಂಬಾ ಜನ ನಿವೃತ್ತರು, ಓದಿ ಬರೆದು ಬಾಳಿದವರು. ಅಲ್ಲಿನ ಚುನಾವಣಾ ಅಧಿಕಾರಿ ತೆರೇಸಾ ಲೆಪೋರ್ ವಯಸ್ಸಾದವರಿಗೆ ಅನುಕೂಲ ಆಗಲಿ ಅಂತ ಅಕ್ಷರ ದೊಡ್ಡದು ಮಾಡಿದ್ರು. ಅಕ್ಷರ ದೊಡ್ಡದಾಗಿದ್ದಕ್ಕೆ ಹೆಸರುಗಳು ಒಂದು ಪುಟದಲ್ಲಿ ಹಿಡೀಲಿಲ್ಲ, ಎಡಕ್ಕೊಂದು ಬಲಕ್ಕೊಂದು ಪುಟ ಮಾಡಿ, ವೋಟು ಹಾಕೋಕೆ ತೂತು ಮಾಡೋ ಸಾಲನ್ನ ಮಧ್ಯಕ್ಕೆ ಇಟ್ರು. ಎಡಗಡೆ ಮೊದಲ ಹೆಸರು ಬುಷ್, ಎರಡನೇದು ಗೋರ್. ಆದ್ರೆ ಮಧ್ಯದ ಎರಡನೇ ತೂತು ಬಲಗಡೆ ಪುಟದಲ್ಲಿದ್ದ ಸಣ್ಣ ಪಾರ್ಟಿ ಅಭ್ಯರ್ಥಿ ಬುಕ್ಯಾನನ್ ಅವರದು, ಗೋರ್ ಅವರದು ಮೂರನೇದು. ಎರಡನೇ ಹೆಸರಿಗೆ ಎರಡನೇ ತೂತು ಅಂತ ಯಾರಿಗಾದ್ರೂ ಅನ್ಸತ್ತೆ ತಾನೇ? ಬುಕ್ಯಾನನ್‌ಗೆ ಆ ಒಂದೇ ಕೌಂಟಿಯಲ್ಲಿ 3,407 ವೋಟು ಬಿತ್ತು, 19 ಸಾವಿರಕ್ಕೂ ಹೆಚ್ಚು ಚೀಟಿಯಲ್ಲಿ ಎರಡೆರಡು ತೂತು ಬಿದ್ದು ಕ್ಯಾನ್ಸಲ್ ಆಯ್ತು. ಇಡೀ ಫ್ಲೋರಿಡಾ ರಾಜ್ಯದಲ್ಲಿ ಬುಷ್ ಗೆದ್ದಿದ್ದು 537 ವೋಟಿನಿಂದ, ಆ ರಾಜ್ಯ ಗೆದ್ದಿದ್ದಕ್ಕೇ ಅಧ್ಯಕ್ಷರಾಗಿದ್ದು. ಅದರ ಸ್ಯಾಂಪಲ್ ಚೀಟಿ ಮುಂಚೆನೇ ಜನರ ಕೈಗೆ ಹೋಗಿತ್ತು, ಪಾರ್ಟಿಯವರೂ ನೋಡಿದ್ರು, ಯಾರೂ ಉಸಿರೆತ್ತಲಿಲ್ಲ. ಯಾಕಂದ್ರೆ ಎಲ್ಲರೂ ನೋಡಿದ್ರು, ಯಾರೂ ಅದರಲ್ಲಿ ವೋಟು ಹಾಕಿ ನೋಡಿರಲಿಲ್ಲ. ಈ ಸಾಲು ಸ್ವಲ್ಪ ನೆನಪಿಟ್ಕೊಳ್ಳಿ, ನಿಮ್ಮ ಸಂಘದ ಚೀಟಿಗೆ ಇದೇ ಮುಖ್ಯ ಆಗತ್ತೆ.

ಅಲ್ಲಿಗೂ ಅವರು ಪಾಠ ಕಲೀಲಿಲ್ಲ ಅನ್ನೋ ಹಾಗೆ 2018ರಲ್ಲಿ ಅದೇ ಫ್ಲೋರಿಡಾದ ಬ್ರೋವರ್ಡ್ ಕೌಂಟಿಯಲ್ಲಿ ಸೆನೆಟ್ ಸ್ಪರ್ಧೆಯ ಹೆಸರುಗಳನ್ನ ಎಡಗಡೆ ಕೆಳಗೆ, ಉದ್ದುದ್ದ ಸೂಚನೆಗಳ ಅಡಿಯಲ್ಲಿ ಇಟ್ಟಿದ್ರು. ಸೂಚನೆ ಯಾರು ಓದ್ತಾರೆ, ಜನ ಸೀದಾ ಪಕ್ಕದ ಕಾಲಮ್ಮಿಗೆ ಹೋದ್ರು. ಗವರ್ನರ್ ಸ್ಪರ್ಧೆಗೆ ಬಿದ್ದ ವೋಟಿಗಿಂತ ಸೆನೆಟ್‌ಗೆ ಹತ್ತಿರ ಹತ್ತಿರ 25 ಸಾವಿರ ಕಡಿಮೆ ಬಿತ್ತು, ರಾಜ್ಯದಲ್ಲಿ ಗೆಲುವಿನ ಅಂತರ 10 ಸಾವಿರದ ಚಿಲ್ಲರೆ. ಅಲ್ಲಿ ಯಾರಿಗೂ ಓದೋಕೆ ಬರ್ತಿರಲಿಲ್ಲ ಅಂತೀರಾ?

ನಮ್ಮ ದೇಶದ ಕತೆ ಉಲ್ಟಾ. ಇಲ್ಲಿ ಮೊದಲ ದಿನದಿಂದಲೇ ಓದಕ್ಕೆ ಬರದವರನ್ನ ಮನಸ್ಸಲ್ಲಿ ಇಟ್ಕೊಂಡೇ ಕೆಲಸ ಮಾಡಿದ್ರು. 1951ರ ಜನಗಣತಿಯಲ್ಲಿ ಸಾಕ್ಷರರು ನೂರಕ್ಕೆ ಹದಿನೆಂಟು. ಸುಕುಮಾರ್ ಸೇನ್ ಮೊದಲ ಮುಖ್ಯ ಚುನಾವಣಾ ಆಯುಕ್ತರು, 1951-52ರ ಚುನಾವಣೆಯಲ್ಲಿ ಒಬ್ಬೊಬ್ಬ ಅಭ್ಯರ್ಥಿಗೂ ಬೇರೆ ಬೇರೆ ಪೆಟ್ಟಿಗೆ, ಪೆಟ್ಟಿಗೆ ಮೇಲೆ ಅವರ ಚಿಹ್ನೆ, ಚೀಟಿ ಮೇಲೆ ಏನೂ ಬರೆಯೋದೇ ಬೇಡ, ಬೇಕಾದ ಪೆಟ್ಟಿಗೆಗೆ ಹಾಕಿದ್ರೆ ಮುಗೀತು. ಖರ್ಚು ಜಾಸ್ತಿ, ಪೆಟ್ಟಿಗೆ ಸಾಗಿಸೋದು ಕಷ್ಟ, ಆಮೇಲೆ ಚೀಟಿ ಮೇಲೆ ಮುದ್ರೆ ಒತ್ತೋ ಪದ್ಧತಿ ಬಂತು. ಆ ಚಿಹ್ನೆಗಳಲ್ಲಿ ಎಷ್ಟೋ ಎಂ. ಎಸ್. ಸೇಠಿ ಅಂತ ಆಯೋಗದಲ್ಲೇ ನಕ್ಷೆ ಬರೆಯೋ ಕೆಲಸದಲ್ಲಿದ್ದವರು ಪೆನ್ಸಿಲ್‌ನಲ್ಲಿ ಬರೆದಿದ್ದು, ಮನೇಲಿ ದಿನಾ ಕಾಣೋ ಸಾಮಾನುಗಳನ್ನೇ ಎತ್ಕೊಂಡು ಕಪ್ಪು ಬಿಳುಪಲ್ಲಿ. ಅವರು 1992ರಲ್ಲಿ ನಿವೃತ್ತರಾದ್ರು, ಆ ಚಿತ್ರಗಳು ಆಮೇಲೂ ಉಳಿದ್ವು. ನಮ್ಮ ಕಸುಬಿನವರಿಗೆ ಇದಕ್ಕಿಂತ ದೊಡ್ಡ ಪ್ರದರ್ಶನ ಯಾವುದಿದೆ ಹೇಳಿ. ಇನ್ನು ಮಷೀನಿನ ರೂಪ ಕೊಟ್ಟಿದ್ದು ಇಲ್ಲೇ ಪವಾಯಿಯಲ್ಲಿ, ಐಐಟಿ ಬಾಂಬೆಯ ಇಂಡಸ್ಟ್ರಿಯಲ್ ಡಿಸೈನ್ ಸೆಂಟರ್‌ನ ಎ. ಜಿ. ರಾವ್ ಮತ್ತೆ ರವಿ ಪೂವಯ್ಯ. ಹೆಸರು, ಚಿಹ್ನೆ, ದೀಪ, ನೀಲಿ ಬಟನ್ ಎಲ್ಲ ಒಂದೇ ಅಡ್ಡ ಸಾಲಲ್ಲಿ, ಕಣ್ಣು ಎಡದಿಂದ ಬಲಕ್ಕೆ ಹೋದ್ರೆ ಬೆರಳು ತಾನಾಗೇ ಸರಿಯಾದ ಜಾಗಕ್ಕೆ ಬರತ್ತೆ. ಒಬ್ಬರನ್ನ ಆರಿಸೋ ಚುನಾವಣೆಗೆ ಇದಕ್ಕಿಂತ ಸರಳ ಮಾಡೋದು ಕಷ್ಟ ಅಂತ ನನ್ನ ಅಭಿಪ್ರಾಯ. ಗಂಟು ಬೀಳೋದು ಅದೇ ಮಷೀನನ್ನ ನಾಲ್ಕು ಸೀಟಿಗೆ ಹಚ್ಚಿದಾಗ.

ಹಾಗಂತ ಚಿಹ್ನೆ ಇದ್ರೆ ಸಾಕು ಅಂತಾನೂ ಅಲ್ಲ. 2014ರ ಲೋಕಸಭೆಯಲ್ಲಿ ನಮ್ಮ ಕೊಂಕಣದ ರಾಯಗಡದಲ್ಲಿ ಸುನೀಲ್ ತಟ್ಕರೆ ಸೋತಿದ್ದು 2,110 ವೋಟಿಂದ, ಅದೇ ಹೆಸರಿನ ಇನ್ನೊಬ್ಬ ಪಕ್ಷೇತರರಿಗೆ ಬಿದ್ದಿದ್ದು ಒಂಬತ್ತು ಸಾವಿರದ ಮೇಲೆ. 2015ರ ಮೇ ತಿಂಗಳಿಂದ ಬ್ಯಾಲೆಟ್ ಮೇಲೆ ಅಭ್ಯರ್ಥಿ ಫೋಟೋ ಬಂತು, ಇಂಥ ಜೋಡಿ ಹೆಸರಿನ ಗೊಂದಲಕ್ಕೇ ಅದು. ಆದ್ರೂ 2024ರಲ್ಲಿ ಸಾತಾರಾದಲ್ಲಿ ಇನ್ನೊಂಥರ ಆಯ್ತು. ಶರದ್ ಪವಾರ್ ಬಣದ ಚಿಹ್ನೆ ತುತಾರಿ ಊದೋ ಮನುಷ್ಯ, ಒಬ್ಬ ಪಕ್ಷೇತರರ ಚಿಹ್ನೆ ಬರೀ ತುತ್ತೂರಿ, ಮರಾಠಿಯಲ್ಲಿ ಎರಡನ್ನೂ ತುತಾರಿ ಅಂತಲೇ ಕರೀತಿದ್ರು. ಪಕ್ಷೇತರರಿಗೆ 37 ಸಾವಿರ ವೋಟು, ಆ ಬಣದ ಅಭ್ಯರ್ಥಿ ಸೋತಿದ್ದು 32 ಸಾವಿರದ ಚಿಲ್ಲರೆಯಿಂದ. ಅಷ್ಟೂ ವೋಟು ಗೊಂದಲದಿಂದಲೇ ಹೋಯ್ತು ಅಂತ ಪಾರ್ಟಿ ಹೇಳ್ತು, ಅದನ್ನ ಸಾಬೀತು ಮಾಡೋಕೆ ಬರಲ್ಲ, ಆದ್ರೆ ಆಯೋಗ ಅದೇ ವರ್ಷ ಜುಲೈಯಲ್ಲಿ ತುತ್ತೂರಿ ಚಿಹ್ನೆಯನ್ನ ತಡೆಹಿಡೀತು. ಡಿಸೈನ್ ಮಾಡೋರು ಒಂದು ಚಿತ್ರವನ್ನ ಒಂದೊಂದಾಗಿ ನೋಡ್ತಾರೆ, ಎರಡು ಇಂಚು ಅಗಲದ ಪಟ್ಟಿಯಲ್ಲಿ ಪಕ್ಕಪಕ್ಕ ಇಟ್ಟು, ಕನ್ನಡಕ ತೆಗೆದು, ಒಂದು ಮೊಳ ದೂರದಿಂದ ನೋಡಲ್ಲ. ನೋಡಬೇಕಾದ್ದು ಹಾಗೆ.

ಹೊಸ ಬದಲಾವಣೆನೂ ಇವೆ. 2025ರ ಸೆಪ್ಟೆಂಬರ್‌ನಲ್ಲಿ ಭಾರತ ಚುನಾವಣಾ ಆಯೋಗ ಮಷೀನ್ ಬ್ಯಾಲೆಟ್ ಪೇಪರ್ ಬಗ್ಗೆ ಹೊಸ ನಿಯಮ ತಂತು, ಫೋಟೋ ಕಲರ್, ಫೋಟೋ ಜಾಗದ ಮುಕ್ಕಾಲು ಭಾಗ ಮುಖವೇ ಇರಬೇಕು, ಕ್ರಮಸಂಖ್ಯೆ 30 ಸೈಜಿನ ದಪ್ಪ ಅಕ್ಷರ, ಎಲ್ಲ ಹೆಸರಿಗೂ ಒಂದೇ ಫಾಂಟು ಒಂದೇ ಸೈಜು. ಬಿಹಾರದಿಂದ ಶುರುವಾಯ್ತು. ಮತದಾರರ ಮಾಹಿತಿ ಚೀಟಿಯಲ್ಲೂ ಕ್ರಮಸಂಖ್ಯೆ, ಭಾಗಸಂಖ್ಯೆ ದೊಡ್ಡದಾಗಿ ಹಾಕೋಕೆ ಅದೇ ವರ್ಷ ತೀರ್ಮಾನ ಆಯ್ತು. ಇದು ತುಂಬಾ ಹಿಂದೆನೇ ಆಗಬೇಕಿತ್ತು. ದಾದರ್ ಸ್ಟೇಷನ್ನಿನ ಇಂಡಿಕೇಟರ್ ನೋಡಿ, ಯಾವ ಲೋಕಲ್ಲು, ಫಾಸ್ಟಾ ಸ್ಲೋನಾ, ಎಷ್ಟು ನಿಮಿಷ, ಮುಗೀತು, ಓಡ್ತಾ ಓಡ್ತಾ ಓದಬಹುದು. ಬೂತ್ ಬಾಗಿಲಲ್ಲಿ ನಿಂತ ಮನುಷ್ಯನಿಗೆ ಬೇಕಾಗಿರೋದೂ ಅಷ್ಟೇ, ಯಾವ ಕೋಣೆ, ಪಟ್ಟಿಯಲ್ಲಿ ಎಷ್ಟನೇ ನಂಬರ್. ಅದನ್ನ ಸಣ್ಣಕ್ಷರದಲ್ಲಿ ಮೂಲೆಗೆ ತಳ್ಳಿ, ಮೇಲೆ ದೊಡ್ಡದಾಗಿ ಘೋಷಣೆ ಹಾಕಿದ ಕಾಗದ ನಾನು ಬೇಕಾದಷ್ಟು ನೋಡಿದೀನಿ.

ಬಣ್ಣದ ಬಗ್ಗೆ ಒಂದು ಮಾತು, ಯಾಕಂದ್ರೆ ಎಲ್ಲರೂ ಮೊದ್ಲು ಅದನ್ನೇ ಹೇಳ್ತಾರೆ, ನಾಲ್ಕು ಸೀಟಿಗೆ ನಾಲ್ಕು ಬಣ್ಣ ಕೊಡಿ ಅಂತ. ಕೊಟ್ಟಿದ್ದಾರೆ. ಪುಣೆಯಲ್ಲಿ 2017ರಲ್ಲೇ ಅ ಸೀಟಿಗೆ ಬಿಳಿ, ಬ ತಿಳಿಗುಲಾಬಿ, ಕ ತಿಳಿಹಳದಿ, ಡ ತಿಳಿನೀಲಿ ಕಾಗದ. ಉದ್ದೇಶ ಒಳ್ಳೇದೇ, ಆದ್ರೆ ಮೋತಿಬಿಂದು, ಅಂದ್ರೆ ಪೊರೆ, ಶುರುವಾದ ಕಣ್ಣಿನ ಮಸೂರ ಹಳದಿ ತಿರುಗಿರತ್ತೆ, ಅವರಿಗೆ ಬಿಳಿ ಮತ್ತೆ ತಿಳಿಹಳದಿ ಹೆಚ್ಚುಕಮ್ಮಿ ಒಂದೇ. ರಟ್ಟಿನ ಮರೆ ಹಿಂದೆ, ಶಾಲೆ ಕೋಣೆಯ ಟ್ಯೂಬ್‌ಲೈಟಲ್ಲಿ ಇನ್ನೂ ಕಷ್ಟ. ಬಣ್ಣದಿಂದ ಇವು ಬೇರೆ ಬೇರೆ ಅಂತ ಗೊತ್ತಾಗಬಹುದು, ಎಷ್ಟು ಇವೆ, ನಾನು ಎಲ್ಲಿದೀನಿ ಅನ್ನೋದು ಗೊತ್ತಾಗಲ್ಲ. ನನ್ನನ್ನ ಕೇಳಿದ್ರೆ ಬಣ್ಣ ಇರಲಿ, ಜೊತೆಗೆ ಒಂದೊಂದು ಪಟ್ಟಿಯ ತಲೆ ಮೇಲೆ '4ರಲ್ಲಿ 1', '4ರಲ್ಲಿ 2' ಅಂತ ಬೆರಳುದ್ದ ಅಂಕಿ ಹಾಕಬೇಕು, ಮತ್ತೆ ಮರೆಯ ಒಳಗೆ, ಕಣ್ಣಿನ ಎತ್ತರಕ್ಕೆ, 'ಉದ್ದ ಸದ್ದು ಬರೋವರೆಗೆ ಹೊರಗೆ ಬರಬೇಡಿ' ಅನ್ನೋ ಒಂದೇ ಒಂದು ಮಾತು, ಚಿತ್ರದ ಜೊತೆ. ಹೊರಗೆ ಗೋಡೆ ತುಂಬ ಪೋಸ್ಟರ್ ಹಚ್ಚಿದ್ರೆ ಪಾಳಿಯಲ್ಲಿ ನಿಂತವರು ಓದ್ತಾರೆ, ಒಳಗೆ ಹೋಗೋಷ್ಟರಲ್ಲಿ ಮರೀತಾರೆ. ಸೂಚನೆ ಕೆಲಸ ನಡೆಯೋ ಜಾಗದಲ್ಲೇ ಇರಬೇಕು.

ಅದೆಲ್ಲ ಆಯೋಗದ ಕೈಯಲ್ಲಿರೋದು, ನಮ್ಮ ಕೈಯಲ್ಲಲ್ಲ. ಅವ್ವನಿಗೆ ಮುಂದಿನ ಸಲಕ್ಕೆ ನೀವು ಮಾಡಬಹುದಾದ್ದು ಏನಂದ್ರೆ, ಮಷೀನಿನ ಚಿತ್ರ ಒಂದು ಹಾಳೆಯಲ್ಲಿ ಬರೆದು ಮನೇಲೇ ಕೈಯಿಂದ ಒತ್ತಿಸಿ ಅಭ್ಯಾಸ ಮಾಡಿಸಿ, ನಾಲ್ಕು ಸಲ ಒತ್ತು, ಪೀಂ ಅಂದ್ಮೇಲೆ ಹೊರಡು ಅಂತ. ಬಾಯಲ್ಲಿ ಹೇಳಿದ್ರೆ ಸಾಲದು, ಕೈಗೆ ಕಲಿಸಬೇಕು. ಇನ್ನು ಪಾರ್ಟಿಯವರು ಬಂದು 'ನಾಲ್ಕೂ ಕಡೆ ಮೂರನೇ ನಂಬರ್ ಒತ್ತಿ' ಅಂದ್ರೆ ಹಾಗೇ ನಂಬಬೇಡಿ, ಹೆಸರುಗಳು ಒಂದೊಂದು ಸೀಟಲ್ಲೂ ಅಕ್ಷರಕ್ರಮದಲ್ಲಿ ಬೇರೆ ಬೇರೆ ಬರ್ತವೆ, ಒಂದೇ ಚಿಹ್ನೆ ಒಂದು ಕಡೆ ಮೂರನೇದು ಇನ್ನೊಂದು ಕಡೆ ಐದನೇದು ಆಗಿರಬಹುದು. ಮತಗಟ್ಟೆ ಒಳಗೆ ಹೋದ ಮೇಲೂ ಮರೆ ಹಿಂದೆ ಹೋಗೋ ಮುಂಚೆ ಅಧಿಕಾರಿಯನ್ನ ಹೇಗೆ ಅಂತ ಕೇಳಬಹುದು, ಅದಕ್ಕೆ ನಾಚಿಕೆ ಏನಿಲ್ಲ. ನಿಮ್ಮ ಸಂಘದಿಂದ ಕನ್ನಡದಲ್ಲಿ ಒಂದು 'ಹೀಗೆ ವೋಟು ಹಾಕಿ' ಹಾಳೆ ಮಾಡಿ ಹಂಚಿದ್ರೂ ತುಂಬಾ ಜನಕ್ಕೆ ಉಪಕಾರ ಆಗತ್ತೆ, ನಿಮ್ಮವ್ವನ ಥರದವರು ಪುಣೆಯಲ್ಲಿ ಒಬ್ಬರಾ ಇಬ್ಬರಾ. ಆದ್ರೆ ಅಪಾಯ ಇದೆ ಹುಷಾರು. ಉದಾಹರಣೆಗೆ ಅಂತ ಫ್ಯಾನು, ಕುಕ್ಕರು, ಸಿಲಿಂಡರು ಯಾವ ಚಿತ್ರ ಹಾಕಿದ್ರೂ ಅದು ಯಾರದೋ ಚಿಹ್ನೆ ಆಗಿರತ್ತೆ, ಆಮೇಲೆ ಸಂಘ ಇಂಥವರ ಪರ ಅಂತ ಜಗಳ. ಚಿಹ್ನೆ ಜಾಗ ಖಾಲಿ ಬಿಡಿ, ಹೆಸರಿನ ಜಾಗದಲ್ಲಿ ಗೆರೆ ಮಾತ್ರ ಹಾಕಿ. ಮತದಾನದ ದಿನ ಬೂತ್ ಹತ್ರ ಹಂಚಬೇಡಿ, ವಾರದ ಮುಂಚೆ ಮುಗಿಸಿ. ಮತ್ತೆ ಮರಾಠಿ ಅಂಕಿ ಬಗ್ಗೆ ಒಂದು ಸಾಲು ಸೇರಿಸಿ. ನಾಗರಿ ಲಿಪಿಯ ಅಂಕಿಗಳು ನಮ್ಮ ಕನ್ನಡ ಅಂಕಿಗಳ ಥರಾನೇ ಇರಲ್ಲ, ಕನ್ನಡ ಅಂಕಿ ಓದಿ ಬೆಳೆದ ಹಿರಿಯರು ನಂಬರ್ ತಪ್ಪಾಗಿ ಓದಿ ಬೇರೆ ಕೋಣೆ ಪಾಳಿಯಲ್ಲಿ ನಿಂತಿರೋದು ಇದೆ.

ಸರಿ, ಈಗ ನಿಮ್ಮ ಸಂಘದ ಚೀಟಿ. ಫೋಟೋ ನೋಡಿದೆ. ಬೇಜಾರು ಮಾಡ್ಕೋಬೇಡಿ, ಮೂವತ್ತು ಕೆಟ್ಟಿದ್ದು ಹೆಚ್ಚಲ್ಲ, ಉಳಿದವರು ಹೇಗೆ ಸರಿ ಹಾಕಿದ್ರು ಅಂತ ನನಗೆ ಆಶ್ಚರ್ಯ. ಎರಡು ಕಾಲಮ್ಮು, ಗುರುತು ಹಾಕೋ ಚೌಕಗಳು ಎರಡರ ಮಧ್ಯೆ ಒಂದೇ ಸಾಲಾಗಿ ನಿಂತಿವೆ, ಚೌಕ ಎಡಗಡೆಯವರದಾ ಬಲಗಡೆಯವರದಾ? ಪಾಮ್ ಬೀಚ್ ತಂಗಿ ಇದು. ಅಧ್ಯಕ್ಷ ಸ್ಥಾನದ ಹೆಸರುಗಳು ಮುಗಿದ ತಕ್ಷಣ, ಗೆರೆ ಕೂಡ ಇಲ್ದೆ, ಸಮಿತಿ ಸದಸ್ಯರ ಪಟ್ಟಿ ಶುರುವಾಗಿ ಮುಂದಿನ ಕಾಲಮ್ಮಿನ ಮೇಲಕ್ಕೆ ಜಿಗಿದಿದೆ. 'ಒಂಬತ್ತು ಜನರಿಗೆ ಮಾತ್ರ' ಅನ್ನೋ ಮಾತು ಪುಟದ ಕೊನೇಲಿ, ಅದೂ ಬಳ್ಳಿ ಬಳ್ಳಿ ಅಕ್ಷರದಲ್ಲಿ. ಹಿಂದೆ ತಾಯಿ ಭುವನೇಶ್ವರಿ ಚಿತ್ರ ತೆಳುವಾಗಿ. ತಾಯಿ ಮೇಲೆ ಭಕ್ತಿ ನನಗೂ ಇದೆ, ಆದ್ರೆ ಆಕೆ ಆಮಂತ್ರಣ ಪತ್ರಿಕೆಯಲ್ಲಿ ಇರಲಿ, ಹೆಸರುಗಳ ಹಿಂದೆ ಬೇಡ, ಜೆರಾಕ್ಸ್ ಆದಾಗ ಕಪ್ಪು ಮಸಿ ಥರ ಬಂದು ಹೆಸರು ಓದೋಕೇ ಆಗ್ತಿಲ್ಲ, ಯಾರಿಗೆ ಟಿಕ್ ಹಾಕಿದಾರೆ ಅನ್ನೋದು ಎಣಿಸೋರಿಗೂ ಕಾಣಲ್ಲ. ನೀವು 'ಛಂದ' ಅಂದ್ರಲ್ಲ, ಹಿಂದಿನ ಸಲದವರೂ ಛಂದ ಮಾಡೋಕೆ ಹೋಗೇ ಹೀಗಾಗಿರೋದು.

ನಾನಾಗಿದ್ರೆ ಅಧ್ಯಕ್ಷರಿಗೊಂದು ಹಾಳೆ, ಸದಸ್ಯರಿಗೊಂದು ಹಾಳೆ ಬೇರೆ ಬೇರೆ ಮಾಡ್ತೀನಿ. ಸ್ಕಾಟ್ಲೆಂಡಿನಲ್ಲಿ 2007ರಲ್ಲಿ ಸಂಸತ್ತಿನ ಎರಡು ಥರದ ವೋಟನ್ನ ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಇಟ್ಟು 1 ಲಕ್ಷ 40 ಸಾವಿರಕ್ಕೂ ಹೆಚ್ಚು ಚೀಟಿ ತಿರಸ್ಕಾರ ಆದ್ವು, ಆಮೇಲೆ ತನಿಖೆನೂ ಆಯ್ತು. ಬೇರೆ ಹಾಳೆ ಮಾಡಿದ್ರೆ ಅದರದ್ದೇ ತೊಂದ್ರೆ ಇದೆ, ಒಂದನ್ನ ಹಾಕಿ ಇನ್ನೊಂದನ್ನ ಜೇಬಲ್ಲಿ ಇಟ್ಕೊಂಡು ಹೋಗ್ತಾರೆ, ಅಥವಾ ಆ ಡಬ್ಬಿದು ಈ ಡಬ್ಬಿಗೆ ಹಾಕ್ತಾರೆ. ಅದಕ್ಕೆ ಒಂದೇ ಡಬ್ಬಿ ಇಡಿ, ಎಣಿಸುವಾಗ ಬೇರೆ ಮಾಡಿದ್ರಾಯ್ತು. ಒಂದೇ ಹಾಳೆ ಬೇಕು ಅಂತ ಕಮಿಟಿ ಹಟ ಹಿಡಿದ್ರೆ ಒಂದು ಕಾಲಮ್ಮು ಮಾಡಿ, ಎರಡು ಪಟ್ಟಿ ಮಧ್ಯೆ ಎರಡು ಬೆರಳಿನ ಖಾಲಿ ಜಾಗ ಬಿಟ್ಟು ದಪ್ಪ ಗೆರೆ ಎಳೀರಿ. ಪ್ರತಿ ಪಟ್ಟಿಯ ಮೊದಲ ಹೆಸರಿನ ಮೇಲೇನೇ ಸೂಚನೆ ಬರಲಿ, ಎಡಕ್ಕೆ ಜೋಡಿಸಿ, ಒಂದು ಸಾಲಿಗೆ ಒಂದೇ ಮಾತು:

'9 ಜನರವರೆಗೆ ಆರಿಸಿ.
ಕಡಿಮೆ ಆರಿಸಿದರೂ ನಡೆಯುತ್ತದೆ.
9ಕ್ಕಿಂತ ಹೆಚ್ಚು ಗುರುತು ಹಾಕಿದರೆ ಈ ಪಟ್ಟಿಯ ಮತ ಎಣಿಕೆಗೆ ಬರುವುದಿಲ್ಲ.'

ನಿಮ್ಮ ಬೈಲಾ ಹಾಗೇ ಹೇಳತ್ತಾ ಅಂತ ನೋಡ್ಕೊಂಡು ಬರೀರಿ. ಎರಡನೇ ಸಾಲು ಬಿಡಬೇಡಿ, ಒಂಬತ್ತು ತುಂಬಲೇಬೇಕು ಅಂತ ಗೊತ್ತಿಲ್ಲದವರಿಗೂ ಟಿಕ್ ಹಾಕಿ ಲೆಕ್ಕ ತಪ್ಪೋರು ತುಂಬಾ. ಹೆಸರು ಮತ್ತೆ ಚೌಕ ಒಂದೇ ಅಡ್ಡ ಗೆರೆಯ ಮನೆಯೊಳಗೆ ಇರಲಿ, ಮಧ್ಯೆ ಅಂತರ ಕಡಿಮೆ, ಪವಾಯಿಯವರ ಮಷೀನ್ ಸಾಲಿನ ಹಾಗೆ. ಒಂದು ಸಾಲು ಬಿಟ್ಟು ಒಂದಕ್ಕೆ ತಿಳಿಬೂದು ಹಾಕೋಣ ಅಂತ ಪ್ರೆಸ್ಸಿನವರು ಹೇಳ್ತಾರೆ, ಹಾಕಬೇಡಿ, ಬೂದು ಸಾಲಿನವರು ನಮ್ಮ ಹೆಸರು ಮಂಕಾಯ್ತು ಅಂತಾರೆ, ಅವರು ಹೇಳೋದು ನಿಜಾನೇ. ಗೆರೆ ಸಾಕು.

ಫಾಂಟ್ ವಿಷಯ ಸ್ವಲ್ಪ ಉದ್ದ ಹೇಳ್ತೀನಿ, ಇಂಗ್ಲಿಷ್ ಚೀಟಿ ಬಗ್ಗೆ ಬರೆದಿರೋ ಸಲಹೆಗಳು ನಮಗೆ ಪೂರ್ತಿ ಹೊಂದಲ್ಲ. ಅಲ್ಲಿ ಎಲ್ಲ ದೊಡ್ಡಕ್ಷರದಲ್ಲಿ ಹಾಕಬೇಡಿ ಅನ್ನೋದು ಮೊದಲ ಸಲಹೆ, ನಮಗೆ ಆ ಭೇದವೇ ಇಲ್ಲ, ಒತ್ತು ಕೊಡೋಕೆ ದಪ್ಪ ಮತ್ತೆ ಸೈಜು ಎರಡೇ ದಾರಿ. ನಮ್ಮ ತೊಂದ್ರೆ ಒತ್ತಕ್ಷರದ್ದು. ಸಾಲುಗಳನ್ನ ಇಕ್ಕಟ್ಟು ಮಾಡಿದ್ರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗತ್ತೆ, 'ಕೃಷ್ಣಮೂರ್ತಿ', 'ಲಕ್ಷ್ಮಣ' ಇಂಥ ಹೆಸರು ಸಣ್ಣ ಸೈಜಲ್ಲಿ ಜೆರಾಕ್ಸ್ ಆದ್ರೆ ಬರೀ ಕಪ್ಪು ಚುಕ್ಕೆ. ಸಾಲಿನ ಅಂತರ ಅಕ್ಷರದ ಒಂದೂವರೆ ಪಟ್ಟು ಇಡಿ. ಉದ್ದ ಹೆಸರು ಹಿಡೀಲಿಲ್ಲ ಅಂತ ಫಾಂಟನ್ನ ಅಡ್ಡಕ್ಕೆ ಹಿಂಡಬೇಡಿ, ಒಬ್ಬರದ್ದು ಹಿಂಡಿದ್ರೆ ಆ ಹೆಸರೇ ತೆಳ್ಳಗೆ ಕಾಣತ್ತೆ, ಅದು ಅನ್ಯಾಯನೂ ಹೌದು. ಎಲ್ಲರಿಗೂ ಒಂದೇ ಸೈಜು, ಉದ್ದವಾದ ಹೆಸರು ಹಿಡಿಯೋ ಹಾಗೆ ಮನೆಯನ್ನೇ ಅಗಲ ಮಾಡಿ. ನುಡಿ ಆಗಲಿ ಬರಹ ಆಗಲಿ ಯಾವುದರಲ್ಲೇ ಟೈಪ್ ಮಾಡಿ, ಪ್ರೆಸ್ಸಿಗೆ ಕಳಿಸುವಾಗ ಪಿಡಿಎಫ್ ಮಾಡಿ ಕಳಿಸಿ, ಇಲ್ದಿದ್ರೆ ಪುಣೆ ಪ್ರೆಸ್ಸಿನ ಕಂಪ್ಯೂಟರ್‌ನಲ್ಲಿ ಆ ಫಾಂಟ್ ಇರಲ್ಲ, ಒತ್ತಕ್ಷರ ಪಕ್ಕಕ್ಕೆ ಬಂದು ಕೂತಿರತ್ತೆ, ಅವರಿಗೆ ಅದು ತಪ್ಪು ಅಂತಲೂ ಗೊತ್ತಾಗಲ್ಲ. ಇನ್ನೊಂದು, ಇಲ್ಲೇ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ಕನ್ನಡ ಮಾತು ಬರತ್ತೆ, ಓದೋಕೆ ಬರಲ್ಲ, ಅವರೂ ಸದಸ್ಯರೇ ತಾನೇ. ಕನ್ನಡ ಹೆಸರಿನ ಕೆಳಗೆ ಇಂಗ್ಲಿಷಲ್ಲಿ ಒಂದು ಸಾಲು, ಸ್ವಲ್ಪ ಸಣ್ಣದಾಗಿ. ಮೂರನೇ ಲಿಪಿ ಸೇರಿಸಿದ್ರೆ ಹಾಳೆ ಸಂತೆ ಆಗತ್ತೆ.

ಹೆಸರಿನ ಕ್ರಮ ಚೀಟಿ ಎತ್ತಿ ಎಲ್ಲರ ಎದುರು ತೀರ್ಮಾನ ಮಾಡಿ. ಅಕ್ಷರಕ್ರಮನೂ ನ್ಯಾಯವೇ, ಆದ್ರೆ ಉದ್ದ ಪಟ್ಟಿಯಲ್ಲಿ ಮೇಲಿದ್ದವರಿಗೆ ಸ್ವಲ್ಪ ಲಾಭ ಆಗತ್ತೆ, ಅದಕ್ಕೇ ಅಮೆರಿಕದ ಓಹಾಯೋ ಥರದ ಕೆಲವು ರಾಜ್ಯಗಳಲ್ಲಿ ಹೆಸರಿನ ಕ್ರಮ ಜಾಗದಿಂದ ಜಾಗಕ್ಕೆ ಬದಲಾಯಿಸ್ತಾರೆ. ಇನ್ನೂರು ಚೀಟಿಗೆ ನಿಮಗೆ ಆ ಉಪದ್ವ್ಯಾಪ ಬೇಡ, ಎಣಿಸೋರು ತಪ್ಪು ಮಾಡ್ತಾರೆ. ಇಬ್ಬರು ಪಾಟೀಲರು ಒಂದೇ ಇನಿಶಿಯಲ್ ಇದ್ರೆ ಪೂರ್ತಿ ಹೆಸರು ಹಾಕಿ, ಅದೂ ಒಂದೇ ಆದ್ರೆ ಪಾಸ್‌ಪೋರ್ಟ್ ಸೈಜಿನ ಫೋಟೋ, ಹಾಕಿದ್ರೆ ಎಲ್ಲರದ್ದೂ ಹಾಕಿ, ಒಂದೇ ಅಳತೆ, ಒಂದೇ ಹಿನ್ನೆಲೆ. ಒಬ್ಬರು ಮೈಸೂರು ಪೇಟ ಹಾಕಿ ಸ್ಟುಡಿಯೋದಲ್ಲಿ ತೆಗೆಸಿದ್ದು, ಇನ್ನೊಬ್ಬರು ಆಧಾರ್ ಕಾರ್ಡಿಂದ ಕತ್ತರಿಸಿದ್ದು ಅಂತಾದ್ರೆ ಅದು ಪ್ರಚಾರ ಆಯ್ತು.

ಪ್ರಿಂಟಿಗೆ ಕೊಡೋ ಮುಂಚೆ ಐದಾರು ಜನರ ಹತ್ರ ವೋಟು ಹಾಕಿಸಿ ನೋಡಿ, ಇದೊಂದನ್ನ ಬಿಟ್ರೆ ಮೇಲೆ ಹೇಳಿದ್ದೆಲ್ಲ ಅರ್ಧ. ಕಮಿಟಿಯವರು ಬೇಡ, ಅವರಿಗೆ ಚೀಟಿ ಬಾಯಿಪಾಠ ಆಗಿರತ್ತೆ. ಅವ್ವ ಇರಲಿ, ಕನ್ನಡ ಓದಕ್ಕೆ ಬರದ ಒಬ್ಬ ಹುಡುಗ ಇರಲಿ, ಕಣ್ಣು ಮಂಜಾದ ಒಬ್ಬ ಅಜ್ಜ ಇರಲಿ. ಸುಳ್ಳು ಹೆಸರು ಹಾಕಿದ ಚೀಟಿ ಕೊಟ್ಟು, ಇವರಿಗೆ, ಇವರಿಗೆ ಹಾಕಿ ಅಂತ ಒಂದು ಪಟ್ಟಿ ಕೊಟ್ಟು ಬಾಯಿ ಮುಚ್ಕೊಂಡು ಕೂತ್ಕೊಳ್ಳಿ. ಅವರು ಎಲ್ಲಿ ಪೆನ್ನು ಎತ್ತಿ ನಿಲ್ತಾರೆ, ಎಲ್ಲಿ ನಿಮ್ಮ ಮುಖ ನೋಡ್ತಾರೆ, ಅಲ್ಲಿ ಚೀಟಿ ಕೆಟ್ಟಿದೆ. ಚೆನ್ನಾಗಿದೆಯಾ ಅಂತ ಕೇಳಬೇಡಿ, ಚೆನ್ನಾಗಿದೆ ಅಂತಲೇ ಅಂತಾರೆ, ನಮ್ಮ ಜನ ಮುಖದ ಮೇಲೆ ಬೇರೆ ಹೇಳೋದುಂಟಾ.

ಇಷ್ಟೆಲ್ಲ ಮಾಡಿದ್ರೂ ಎಲ್ಲ ಸರಿ ಹೋಗತ್ತಾ ಅಂದ್ರೆ ಇಲ್ಲ, ಎರಡು ಮೂರು ಚೀಟಿ ಕೆಡ್ತವೆ, ಬೇಕಂತಲೇ ಕೆಡಿಸೋರೂ ಇರ್ತಾರೆ. ಅದಕ್ಕೆ ಎಣಿಕೆ ನಿಯಮನ ಮತದಾನಕ್ಕೆ ಮುಂಚೆನೇ ಒಂದು ಹಾಳೆಯಲ್ಲಿ ಚಿತ್ರ ಬರೆದು ಅಭ್ಯರ್ಥಿಗಳ ಸಹಿ ತಗೊಳ್ಳಿ, ಟಿಕ್ ಚೌಕದಿಂದ ಹೊರಗೆ ಬಂದ್ರೂ ಒಂದೇ ಮನೆಯಲ್ಲಿದ್ರೆ ಸರಿ, ಗೆರೆ ಮೇಲೆ ಎರಡು ಮನೆಗೂ ತಾಗಿದ್ರೆ ಇಲ್ಲ, ಟಿಕ್ ಬದಲು ಗುಣಾಕಾರ ಹಾಕಿದ್ರೂ ಸರಿ, ಹೆಸರು ಸಹಿ ಮಾಡಿದ್ರೆ ಇಲ್ಲ, ಹೀಗೆ. ಮುದ್ರೆ ಒತ್ತಿಸೋ ಯೋಚನೆ ಇದ್ರೆ ಮಡಚಿದಾಗ ಮಸಿ ಎದುರಿನ ಮನೆಗೂ ಹತ್ತತ್ತೆ. ಸರ್ಕಾರಿ ಮತಪತ್ರದ ಬಾಣದ ಮುದ್ರೆ ಆ ಆಕಾರದಲ್ಲಿ ಇರೋದು ಅದಕ್ಕೇ, ಮಡಚಿ ಅಂಟಿದ್ದು ಕನ್ನಡಿಯಲ್ಲಿ ನೋಡಿದ ಹಾಗೆ ತಿರುವಾಗಿ ಬಿದ್ದಿರತ್ತೆ, ಯಾವುದು ಅಸಲಿ ಅಂತ ಎಣಿಸೋರಿಗೆ ಗೊತ್ತಾಗತ್ತೆ. ನಿಮಗೆ ಅಂಗಡಿಯಲ್ಲಿ ಸಿಗೋ ಗುಂಡು ಮುದ್ರೆಯಲ್ಲಿ ಅದು ಗೊತ್ತಾಗಲ್ಲ, ಆದ್ದರಿಂದ ಪೆನ್ನೇ ಇರಲಿ. ಅದೂ ಬಾಲ್‌ಪೆನ್ನು, ಮೇಜಿಗೆ ದಾರ ಕಟ್ಟಿ ಇಡಿ. ಸ್ಕೆಚ್‌ಪೆನ್ ಬೇಡ, 70 ಜಿಎಸ್ಎಂನ ಮಾಮೂಲಿ ತೆಳು ಕಾಗದದಲ್ಲಿ ಹಿಂದಕ್ಕೆ ಇಳಿಯತ್ತೆ.